ಲಂಬುವಿನ ತಣ್ಣನೆಯ ವಾರಗಳು

ಮೊದಲು ಆ ಕುರ್ಚಿಯ ವಿಷಯ ಹೇಳಿಬಿಡಬೇಕು. ಕೆಳಗಿನ ಕ್ಷೌರದಂಗಡಿ ಮುಚ್ಚಿದಾಗ ಆಫೀಸಿನವರೆಲ್ಲ ಸೇರಿ ಅದನ್ನು ಏದುಸಿರು ಬಿಡುತ್ತಾ ಮೇಲಿನ ಮಹಡಿಗೆ ಹೊತ್ತು ತಂದಿದ್ದರು. ಎಡಗೈಯ ರೆಕ್ಸಿನ್ ಹರಿದು ಹತ್ತಿ ಇಣುಕುತ್ತಿತ್ತು ನಿಜ, ಆದರೆ ಪಕ್ಕದ ಹಿಡಿ ಎಳೆದರೆ ಬೆನ್ನು ಹಾಗೇ ಹಿಂದಕ್ಕೆ ಬಾಗಿ ಕೂತವರಿಗೆ ಸ್ವರ್ಗ ಮೂರೇ ಗೇಣು ಅನ್ನಿಸುತ್ತಿತ್ತು. ಕಿಟಕಿ ಪಕ್ಕದ ಆ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರುವ ಹಾಗಿರಲಿಲ್ಲ. ಹಿಂದಿನ ರಾತ್ರಿ ಗಂಟೆ ಯಾರ ನಿದ್ದೆ ಕೆಡಿಸಿತ್ತೋ ಅವರದ್ದು ಮಾತ್ರ ಅದು. ಮಧ್ಯಾಹ್ನದವರೆಗೆ ಅವರನ್ನು ಯಾರೂ ಮಾತಾಡಿಸಬಾರದು, ಒಂದು ಕಪ್ ಚಹಾ ತಂದಿಟ್ಟು ಬೆಕ್ಕಿನ ಹೆಜ್ಜೆ ಹಾಕಿಕೊಂಡು ವಾಪಸಾಗಬೇಕು. ಸಾಹೇಬರಿಗೂ ಇದೇ ನಿಯಮ. ಆ ಆಫೀಸಿನಲ್ಲಿ ಬೇರೆ ಯಾವುದಕ್ಕೂ ಯಾರೂ ಜಗಳವಾಡಿದವರಲ್ಲ, ಈ ಕುರ್ಚಿಗಾಗಿ ಮಾತ್ರ ಮುಖ ಊದಿಸಿಕೊಂಡಿದ್ದುಂಟು.

ಗಂಟೆ ಅಂದರೆ ಗೋಡೆಗೆ ನೇತುಹಾಕಿದ್ದೇನಲ್ಲ. ಆಸ್ಪತ್ರೆ, ಔಷಧಿ ಅಂಗಡಿ, ರಕ್ತನಿಧಿ, ಇಂಥ ಕಡೆ ಇರುವ ಫ್ರಿಜ್ಜುಗಳನ್ನು ದೂರದಿಂದಲೇ ಕಾಯುವುದು ಆ ಆಫೀಸಿನ ಕೆಲಸ. ಎಲ್ಲೋ ಒಂದು ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚದೆ ಒಳಗೆ ಬಿಸಿಯೇರಿತು ಅನ್ನಿ, ಆ ವಾರದ ಪಾಳಿ ಯಾರದೋ ಅವರ ಫೋನು ಬಡಿದುಕೊಳ್ಳುತ್ತದೆ. ಅವರು ಎದ್ದು, ‘ನೋಡಿದೆ’ ಅನ್ನುವ ಗುಂಡಿ ಒತ್ತಿ, ಅಲ್ಲಿರುವ ನರ್ಸಿಗೋ ಕಾವಲುಗಾರನಿಗೋ ಫೋನು ಮಾಡಿ ಔಷಧಿ ಉಳಿಸಬೇಕು. ಅವರು ಏಳದಿದ್ದರೆ ಕರೆ ಮುಂದಿನವರಿಗೆ ಹೋಗುತ್ತದೆ. ಹೀಗೆ ಸರದಿ ಪ್ರಕಾರ ಜನರನ್ನು ಎಬ್ಬಿಸುವ ಆ ಸಾಫ್ಟ್‌ವೇರಿಗೆ ಅವರು ಇಟ್ಟ ಹೆಸರು ಗಂಟೆ.

ಪಾಳಿಯವರು ನಾಲ್ಕು ಜನ. ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ. ಆಫೀಸಿನ ಬಾಗಿಲು ತೆಗೆಯುವವಳೂ ಅವಳೇ, ಬೇರೆಯವರ ತಟ್ಟೆಯಲ್ಲಿ ಊಟ ಉಳಿದಿದ್ದರೆ ಬೈಯುವವಳೂ ಅವಳೇ. ಆಮೇಲೆ ಚಿನಕುರುಳಿ, ಬಾಯಿ ತೆರೆದರೆ ಪಟಪಟ. ಮೂರನೆಯವನು ಮೌನಿ. ಅವನು ದಿನಕ್ಕೆ ಆಡುವ ಮಾತನ್ನು ಅಂಗೈಯಲ್ಲಿ ಹಿಡಿಯಬಹುದು. ನಾಲ್ಕನೆಯವನೇ ಲಂಬು. ಬಾಗಿಲು ದಾಟುವಾಗ ತಲೆ ಬಗ್ಗಿಸುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ ಬಯಲಲ್ಲಿ ನಡೆಯುವಾಗಲೂ ಒಮ್ಮೊಮ್ಮೆ ಬಗ್ಗಿಸುತ್ತಿದ್ದ. ಚಿನ್ನದಂಥ ಮನುಷ್ಯ. ಆದರೆ ಒಂದು ವಿಷಯದಲ್ಲಿ ಅವನ ಜಂಬ ಹೇಳತೀರದು. ಅವನ ಪಾಳಿಯ ವಾರದಲ್ಲಿ ಗಂಟೆ ಬಡಿಯುತ್ತಲೇ ಇರಲಿಲ್ಲ.

ಉಳಿದವರ ವಾರದಲ್ಲಿ ಎರಡು ಮೂರು ಸಲವಾದರೂ ನಿದ್ದೆಗೆ ಸಂಚಕಾರ. ಲಂಬುವಿನ ವಾರ ಮಾತ್ರ ತಣ್ಣಗೆ. ಅದಕ್ಕೆ ಅವನ ಬಳಿ ವಿವರಣೆಯೂ ತಯಾರಿತ್ತು. ಪಾಳಿಗೆ ಮುಂಚಿನ ದಿನ ಅವನು ಎಲ್ಲ ಆಸ್ಪತ್ರೆಗಳ ಸ್ಟೋರಿನವರಿಗೂ ಫೋನು ಮಾಡಿ, ‘ಬಾಗಿಲು ಸರಿಯಾಗಿ ಹಾಕಿದ್ದೀರಾ, ರಬ್ಬರು ಒರೆಸಿದ್ದೀರಾ’ ಅಂತ ಮದುವೆಗೆ ಕರೆಯುವಷ್ಟು ಪ್ರೀತಿಯಿಂದ ವಿಚಾರಿಸುತ್ತಿದ್ದ. ಎಲ್ಲಾ ಮುನ್ನೆಚ್ಚರಿಕೆಯ ಫಲ, ನೀವೂ ಕಲಿಯಿರಿ ಅಂತ ಉಪದೇಶ ಬೇರೆ. ವರ್ಷದ ಸಭೆಯಲ್ಲಿ ಸಾಹೇಬರು ಅವನ ಕೈಲಿ ಈ ಬಗ್ಗೆ ಭಾಷಣ ಮಾಡಿಸಿದರು. ಉಳಿದ ಮೂವರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಚಿನಕುರುಳಿ ನಗು ತಡೆಯಲು ತನ್ನ ತೊಡೆಯನ್ನೇ ಚಿವುಟಿಕೊಂಡಿದ್ದಳು.

ಅಯ್ಯೋ, ನಿಜ ಏನಂದರೆ, ಅವನ ವಾರದಲ್ಲೂ ಗಂಟೆ ಬಡಿಯುತ್ತಿತ್ತು. ಅವನಿಗೆ ಕೇಳಿಸದ ಹಾಗೆ ಮಾಡಿದವಳು ದೊಡ್ಡಕ್ಕ.

ಲಂಬುವಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದಾಗ ತಿಂಗಳು ತುಂಬಿರಲಿಲ್ಲ. ಒಂದು ಮಗು ಮನೆಗೆ ಬಂತು, ಇನ್ನೊಂದು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು. ಅಪ್ಪನಾದವನು ಇಲ್ಲಿಗೂ ಅಲ್ಲಿಗೂ ಓಡಾಡಿ, ಆಫೀಸಿಗೂ ಬಂದು, ಝೆರಾಕ್ಸ್ ಯಂತ್ರಕ್ಕೆ ಹಣೆ ಆನಿಸಿ ನಿಂತಲ್ಲೇ ನಿದ್ದೆ ಹೋಗುತ್ತಿದ್ದ. ಪಾಳಿ ಬಿಡು ಅಂದರೆ ಬಿಲ್ಕುಲ್ ಒಪ್ಪಲಿಲ್ಲ, ‘ನನ್ನ ಭಾರ ನಿಮ್ಮ ತಲೆಗೆ ಕಟ್ಟಲಾ’ ಅಂದ. ದೊಡ್ಡಕ್ಕ ಒಂದು ಸಂಜೆ ಆಸ್ಪತ್ರೆಗೆ ಹೋಗಿದ್ದಳು. ಆ ಉದ್ದ ಮನುಷ್ಯ ಮಕ್ಕಳ ಬೆಂಚಿನ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತು, ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದರಲ್ಲಿ ಪಾಳಿಯ ಫೋನು ಹಿಡಿದುಕೊಂಡಿದ್ದ. ಮಾರನೇ ದಿನ ಗಂಟೆಯ ಒಳಹೊಕ್ಕು ಸರದಿ ತಿರುಗಿಸಿದಳು. ಲಂಬುವಿನ ವಾರದಲ್ಲಿ ಏನೇ ಬಂದರೂ ಮೊದಲು ತನಗೆ, ಆಮೇಲೆ ಚಿನಕುರುಳಿಗೆ, ಆಮೇಲೆ ಮೌನಿಗೆ. ಮೂವರೂ ಏಳದಿದ್ದರೆ ಮಾತ್ರ ಅವನಿಗೆ. ಮೂವರಲ್ಲಿ ಒಬ್ಬರಾದರೂ ಏಳದ ದಿನ ಬರಲೇ ಇಲ್ಲ.

ಮಗು ಮನೆಗೆ ಬರುವವರೆಗೆ ಮಾತ್ರ ಅಂತ ಮೂವರೊಳಗೇ ಮಾತಾಗಿತ್ತು. ಮಗು ಬಂತು, ದುಂಡಗಾಯಿತು, ಈಗ ಎರಡೂ ಸೇರಿ ಮನೆಯ ಸೋಫಾ ಹರಿಯುವ ವಯಸ್ಸು. ಸರದಿ ಮಾತ್ರ ಹಾಗೇ ಉಳಿಯಿತು. ತೆಗೆದುಬಿಡೋಣ ಅಂತ ದೊಡ್ಡಕ್ಕ ಎಷ್ಟು ಸಲ ಅಂದುಕೊಂಡಳೋ. ಅಷ್ಟರಲ್ಲಿ ಅವನು, ‘ನನ್ನ ವಾರ ನೋಡಿ, ಹೇಗೆ ತಣ್ಣಗಿದೆ’ ಅಂತ ಮಗುವಿನ ಹಾಗೆ ಮುಖ ಅರಳಿಸಿಕೊಂಡು ಬರುತ್ತಿದ್ದ. ಆ ಮುಖಕ್ಕೆ ನೀರೆರಚುವುದು ಹೇಗೆ? ಅವನ ವಾರದಲ್ಲಿ ನಿದ್ದೆಗೆಟ್ಟವರು ಕುರ್ಚಿಯಲ್ಲಿ ಕೂರಲು ಏನಾದರೊಂದು ನೆಪ ಹೇಳಬೇಕಿತ್ತು. ಚಿನಕುರುಳಿ ಪಕ್ಕದ ಮನೆಯ ನಾಯಿಯನ್ನು ಬೈದಳು. ಮೌನಿ ಏನೂ ಹೇಳದೆ ಕೂತ. ದೊಡ್ಡಕ್ಕ ಸೊಂಟ ನೋವು ಅಂದಳು. ಲಂಬು ಅದನ್ನು ನಂಬಿ ಸಂಜೆಗೇ ಒಂದು ನೋವಿನ ಮುಲಾಮು ತಂದುಕೊಟ್ಟ. ಮತ್ತೊಂದು ಸಲ ಬೇರೆ ಮುಲಾಮು, ಇದು ಹೊಸದು, ನನ್ನ ಅತ್ತೆಗೆ ಗುಣ ಕೊಟ್ಟಿದೆ ಅಂತ. ಆಮೇಲೆ ಬಿಸಿನೀರಿನ ಚೀಲ. ದೊಡ್ಡಕ್ಕನ ಮೇಜಿನ ಕೆಳ ಡ್ರಾಯರಿನಲ್ಲಿ ಬಿಚ್ಚದ ಮುಲಾಮಿನ ಟ್ಯೂಬುಗಳು ತುಂಬಿಹೋಗಿದ್ದವು. ಆ ಡ್ರಾಯರು ತೆರೆಯುವುದೆಂದರೆ ಅವಳಿಗೆ ಜೀವ ಹಿಡಿಯಾಗುತ್ತಿತ್ತು.

ಹೀಗಿರುವಾಗ ಗಂಟೆ ಮಾಡಿದ ಕಂಪನಿ ಅಂಗಡಿ ಮುಚ್ಚುತ್ತಿದೆ ಅನ್ನುವ ಸುದ್ದಿ ಬಂತು. ತಿಂಗಳ ಕೊನೆಯ ಶುಕ್ರವಾರದಿಂದ ಹಳೇ ಗಂಟೆ ಬಂದ್, ಹೊಸದು ಹುಡುಕಿಕೊಳ್ಳಿ. ಸಾಹೇಬರು ಯೋಚನೆಯನ್ನೇ ಮಾಡದೆ ಆ ಕೆಲಸ ಲಂಬುವಿಗೆ ವಹಿಸಿದರು. ನಿದ್ದೆಗೆಡದ ತಲೆ ಅವನೊಬ್ಬನದೇ ಅಂತ ಅವರ ಲೆಕ್ಕ.

ಲಂಬು ಉಬ್ಬಿಹೋದ. ಮೂರು ಹೊಸ ಗಂಟೆಗಳನ್ನು ಆರಿಸಿ, ಒಂದೊಂದನ್ನೂ ಒಂದೊಂದು ವಾರ ಹಳೆಯದರ ಜೊತೆಜೊತೆಗೇ ಓಡಿಸಿ ನೋಡುವುದು ಅಂತ ನಿಶ್ಚಯಿಸಿದ. ಎಲ್ಲದರಲ್ಲೂ ಮೊದಲ ಹೆಸರು ತನ್ನದು. ಅವುಗಳ ಪಾಸ್‌ವರ್ಡೂ ತನ್ನ ಹತ್ತಿರವೇ, ಪರೀಕ್ಷೆ ಅಂದಮೇಲೆ ಬೇರೆಯವರು ಕೈಯಾಡಿಸಬಾರದು. ಮೇಲಿಂದ ಒಂದು ಉಪಕಾರ ಬೇರೆ ಮಾಡಿದ. ಆಯ್ಕೆ ಮುಗಿಯುವವರೆಗೆ ಪಾಳಿಯೆಲ್ಲ ತನ್ನದೇ ಇರಲಿ, ಹೇಗೂ ತನ್ನ ವಾರ ತಣ್ಣಗಿರುತ್ತೆ, ನೀವೆಲ್ಲ ಹೊದ್ದುಕೊಂಡು ಆರಾಮಾಗಿ ಮಲಗಿ ಅಂದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನದಿಂದ ಅವರ ನಿದ್ದೆಗೆ ಎಳ್ಳುನೀರು ಬಿಟ್ಟ ಹಾಗಾಯಿತು.

ಆಮೇಲೆ ಆದದ್ದು ಕೇಳಿ. ಮೊದಲನೇ ಹೊಸ ಗಂಟೆ ಗಟ್ಟಿಗಿತ್ತಿ. ಫ್ರಿಜ್ಜು ಬಿಸಿಯಾಯಿತೋ, ಲಂಬುವಿನ ಕಿವಿ ಹಾರಿಹೋಗುವಂತೆ ಬಡಿದು ಎಬ್ಬಿಸಿತು. ಅದೇ ಹೊತ್ತಿಗೆ ಹಳೇ ಗಂಟೆ ದೊಡ್ಡಕ್ಕನನ್ನೂ ಎಬ್ಬಿಸಿತ್ತು. ವರ್ಷಗಳ ಅಭ್ಯಾಸ ನೋಡಿ, ಅವಳು ಕಣ್ಣು ಬಿಡುವ ಮುಂಚೆಯೇ ನರ್ಸಿಗೆ ಫೋನು ಮಾಡಿ ಬಾಗಿಲು ಹಾಕಿಸಿಯಾಗಿತ್ತು. ಅಭ್ಯಾಸವಿಲ್ಲದ ಲಂಬು ಕನ್ನಡಕ ಹುಡುಕಿ, ಮಕ್ಕಳು ಅಡಗಿಸಿಟ್ಟ ಲ್ಯಾಪ್‌ಟಾಪಿನ ವೈರು ಹುಡುಕಿ, ತೆರೆದು ನೋಡುವಷ್ಟರಲ್ಲಿ ಫ್ರಿಜ್ಜಿನ ಬಿಸಿ ಇಳಿದು ಎಲ್ಲ ಕ್ಷೇಮ. ಹೀಗೆ ಮತ್ತೆ, ಇನ್ನೊಮ್ಮೆ. ಅವನು ಬೇಸರದಿಂದ ಘೋಷಿಸಿದ, ಹಳೆಯದು ನನ್ನನ್ನು ಎಬ್ಬಿಸಲೇ ಇಲ್ಲವಲ್ಲ, ಇದು ಸುಳ್ಳು ಗಂಟೆ. ಏನೂ ಆಗದೆ ಬೊಬ್ಬೆ ಹೊಡೆಯುತ್ತೆ.

ಎರಡನೆಯದಕ್ಕೂ ಅದೇ ಗತಿ. ಬಡಿಯಿತು, ಎದ್ದ, ಅಷ್ಟರಲ್ಲಿ ಚಿನಕುರುಳಿ ಮುಗಿಸಿದ್ದಳು. ಅದೂ ಸುಳ್ಳುಗಾರ್ತಿ ಅನ್ನಿಸಿಕೊಂಡು ಮೂಲೆ ಸೇರಿತು. ಮೂರನೆಯದು ಮಾತ್ರ ಇಡೀ ವಾರ ತುಟಿ ಪಿಟಕ್ ಅನ್ನಲಿಲ್ಲ. ಲಂಬುವಿಗೆ ಆನಂದವೋ ಆನಂದ. ಇದೇ ನೋಡಿ ಪ್ರಾಮಾಣಿಕ ಗಂಟೆ, ನಮ್ಮ ಹಳೆಯದರ ಹಾಗೇ, ಅಗತ್ಯವಿಲ್ಲದೆ ಮಾತಾಡಲ್ಲ ಅಂತ ಮೌನಿಯ ಭುಜ ತಟ್ಟಿ ಹೇಳಿದ. ಮೌನಿ ಲಂಬುವಿನ ಪರದೆಯಲ್ಲೇ ಅದರ ಒಳಗೆ ಇಳಿದು ಪರೀಕ್ಷಿಸಿದ. ಆ ಗಂಟೆ ಒಂದೇ ಒಂದು ಮೆಸೇಜು ಕಳಿಸಿ, ಅದು ಮುಟ್ಟಿತೋ ಇಲ್ಲವೋ ನೋಡದೆ, ‘ತಿಳಿಸಿಯಾಯಿತು’ ಅಂತ ಕೈ ತೊಳೆದುಕೊಳ್ಳುತ್ತಿತ್ತು. ಆ ಮೆಸೇಜುಗಳು ಲಂಬುವಿನ ಫೋನಿನಲ್ಲಿ ಜಾಹೀರಾತುಗಳ ಜೊತೆ ಬಿದ್ದುಕೊಂಡಿದ್ದವು. ಮೌನಿ ಇದನ್ನು ಬಾಯಿಬಿಟ್ಟು ಹೇಳಿದ, ಅದೂ ಎರಡು ಸಲ. ಲಂಬು ಕೇಳಲಿಲ್ಲ. ಏನೂ ಆಗಿಯೇ ಇಲ್ಲದಿದ್ದರೆ ಅದು ಯಾಕಪ್ಪಾ ಬಡಿಯಬೇಕು, ಒಂದು ಮೆಸೇಜು ಸಾಕಲ್ಲ ಅಂದ. ಅವನ ಮಟ್ಟಿಗೆ ಅದು ಸರಿಯೇ.

ಬುಧವಾರ ಸಂಜೆ ಅವನ ವರದಿ ಮುಗಿಯಿತು. ಮೂರನೆಯದನ್ನೇ ತೆಗೆದುಕೊಳ್ಳುವುದು. ನಾಳೆ ಸಾಹೇಬರು ಸಹಿ ಹಾಕುತ್ತಾರೆ, ನಾಡಿದ್ದು ಹಳೇ ಗಂಟೆ ಬಂದ್.

ಮೂವರೂ ಸ್ಟೋರ್ ರೂಮಿನಲ್ಲಿ ಹಳೇ ಮಾನಿಟರುಗಳ ನಡುವೆ ಸೇರಿದರು. ಹಳೇ ಗಂಟೆಯ ಸರದಿಯನ್ನು ಈಗಲೇ ಗುಟ್ಟಾಗಿ ಸರಿಮಾಡಿ, ಇನ್ನೊಂದು ವಾರ ಪರೀಕ್ಷೆ ಮಾಡು ಅಂತ ಹೇಳೋಣ ಅಂದಳು ಚಿನಕುರುಳಿ. ಮೌನಿ ಎರಡು ಬೆರಳು ತೋರಿಸಿದ, ಉಳಿದಿರುವುದು ಎರಡೇ ದಿನ. ಸಾಹೇಬರ ಕಿವಿಗೆ ಹಾಕೋಣವೆಂದರೆ ಅವನ ಮಾನ ಹೋಗುತ್ತೆ. ಸುಮ್ಮನಿರೋಣವೆಂದರೆ ಎಲ್ಲೋ ಒಂದು ರಕ್ತನಿಧಿಯ ಫ್ರಿಜ್ಜು ಬೆಳಗಿನವರೆಗೆ ಬೆಚ್ಚಗಿರುತ್ತೆ, ಯಾರಿಗೂ ಗೊತ್ತಾಗಲ್ಲ. ಮಾತು ಸುತ್ತಿ ಸುತ್ತಿ ದೊಡ್ಡಕ್ಕನ ಬುಡಕ್ಕೇ ಬಂತು. ಮಾಡಿದವಳು ಅವಳು.

ಮನೆಯಲ್ಲಿ ಅವಳ ಗಂಡ ಶಾಲೆಯ ಡ್ರಿಲ್ ಮೇಷ್ಟ್ರು. ಹಾಸಿಗೆಯ ಆ ಕಡೆ ಮಲಗುವವನಾದ್ದರಿಂದ ಗಂಟೆ ಬಡಿದಾಗಲೆಲ್ಲ ಅವನ ನಿದ್ದೆಗೂ ಕುತ್ತು. ಆ ಫೋನನ್ನು ಅವನು ಕರೆಯುತ್ತಿದ್ದದ್ದೇ ‘ನಿನ್ನ ಹಿರೀಮಗ’ ಅಂತ. ಆ ಸಂಜೆ ಅವಳು ತರಕಾರಿ ಹೆಚ್ಚುತ್ತಾ ಎಲ್ಲ ಹೇಳಿಕೊಂಡಳು. ಲಂಬುವಿನ ಮನಸ್ಸು ನೋಯುತ್ತಲ್ಲ ಅಂತ ಹಲುಬಿದಳು. ಮೇಷ್ಟ್ರು ಸೀಟಿಯ ದಾರದ ಗಂಟು ಬಿಡಿಸುತ್ತಾ ಕೇಳಿಸಿಕೊಂಡ. ಮೈದಾನದಲ್ಲೂ ಹೀಗೆ ಮಾಡ್ತಾರೆ ಅಂದ. ಚಿಕ್ಕ ಮಗುವನ್ನ ಆಟಕ್ಕೆ ಸೇರಿಸಿಕೊಳ್ತಾರೆ, ಲೆಕ್ಕಕ್ಕೆ ಸೇರಿಸಲ್ಲ. ಓಡುತ್ತೆ, ಕುಣಿಯುತ್ತೆ, ಯಾರೂ ಅದನ್ನ ಔಟ್ ಮಾಡಲ್ಲ. ಪ್ರೀತಿಯಿಂದಲೇ ಮಾಡ್ತಾರೆ.

“ಆದ್ರೆ ಆ ಮಗುವಿಗೆ ಗೊತ್ತಾದ ದಿನ ಏನು ಮಾಡುತ್ತೆ ಗೊತ್ತಾ? ಅಳಲ್ಲ. ಮನೆಗೆ ಹೋಗಿಬಿಡುತ್ತೆ,” ಅಂದ.

ಅದಕ್ಕೇ ಅಲ್ಲವೇ ಅವಳಿಗೆ ಭಯ. ಲಂಬು ಮನೆಗೆ ಹೋಗಿಬಿಟ್ಟರೆ? ಔಷಧಿಯ ಚಿಂತೆ ಒಂದು ಕಡೆ, ಅದು ದೊಡ್ಡದೇ. ಆದರೆ ನಿಜ ಹೇಳಬೇಕೆಂದರೆ ಅವಳನ್ನು ಸುಡುತ್ತಿದ್ದದ್ದು ಇದು. ಒಡಹುಟ್ಟಿದ ತಮ್ಮನಿಲ್ಲದ ಅವಳಿಗೆ ಲಂಬು ತಮ್ಮನಾಗಿದ್ದ, ಹಬೆಯಾಡುವ ಚಹಾ ತಂದಿಟ್ಟು, ಅಕ್ಕಾ ಸೊಂಟ ಹೇಗಿದೆ ಅಂತ ಕೇಳುವವನು.

ಗುರುವಾರ ಬೆಳಿಗ್ಗೆ ಲಂಬು ಮೆಟ್ಟಿಲಿನ ತಿರುವಿನಲ್ಲಿ ನಿಂತು ಸಾಹೇಬರ ಮುಂದೆ ಏನು ಹೇಳಬೇಕೆಂದು ಗೋಡೆಗೆ ಹೇಳಿ ಅಭ್ಯಾಸ ಮಾಡುತ್ತಿದ್ದ. ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ, ಹೆಗಲ ಮೇಲೆ ಮಾತ್ರ ಯಾವ ಮಗುವಿನದೋ ಬಿಸ್ಕತ್ತಿನ ಗುರುತು. ದೊಡ್ಡಕ್ಕ ಎರಡು ಮೆಟ್ಟಿಲು ಮೇಲೆ ನಿಂತಳು. ಆಗ ಮಾತ್ರ ಅವನ ಕಣ್ಣಿಗೆ ಕಣ್ಣು ಕೊಡಲು ಅವಳಿಗೆ ಆಗುತ್ತಿತ್ತು. ಸುತ್ತಿ ಬಳಸದೆ ಹೇಳಿದಳು. ಆಸ್ಪತ್ರೆಯ ಬೆಂಚಿನಿಂದ ಶುರುಮಾಡಿ ಮೊನ್ನೆಯ ಗಂಟೆಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಹೊಸ ಗಂಟೆಗಳು ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಿದವಳು ತಾನು ಅಂದಳು.

ಅವನು ಕೈಯಲ್ಲಿದ್ದ ಕಾಗದವನ್ನೇ ಮಡಿಸುತ್ತಾ ನಿಂತ. ಮಡಿಸಿ ಮಡಿಸಿ ಅದು ಬೆಂಕಿಪೊಟ್ಟಣದಷ್ಟಾಯಿತು.

“ಆ ಸೊಂಟ ನೋವು?” ಅಂತ ಕೇಳಿದ ಕೊನೆಗೆ.

“ಇರ್ಲಿಲ್ಲ ಕಣೋ.”

“ಒಂದು ದಿನವೂ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನ ಮುಖ ನೋಡಲಾಗಲಿಲ್ಲ. ಭಾಷಣದ ವಿಷಯಕ್ಕೆ ಅವನು ಇಷ್ಟು ನೊಂದುಕೊಳ್ಳಲಿಲ್ಲ, ಮುಲಾಮಿನ ವಿಷಯಕ್ಕೆ ನೊಂದ.

“ಮನೆಯವನು ಅಂದ್ಕೊಂಡಿದ್ದೆ ಅಕ್ಕ. ಇಷ್ಟು ದಿನ ನನ್ನನ್ನ ನೆಂಟನ ಥರ ಇಟ್ಕೊಂಡಿದ್ರಿ,” ಅಂದ. ಅಷ್ಟು ಹೇಳಿ ಅವಳನ್ನು ದಾಟಿಕೊಂಡು ಮೇಲೆ ಹೋಗಿ ಸಾಹೇಬರ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಹೊಕ್ಕ.

ಮೂವರೂ ಹೊರಗೆ ಆ ಬಾಗಿಲನ್ನೇ ಕಾದರು. ಅವನು ಒಳಗೆ ಏನು ಹೇಳಿದನೋ ಅಂತ ಚಿನಕುರುಳಿ ಉಗುರು ಕಚ್ಚಿದಳು. ಆಮೇಲೆ ಸಾಹೇಬರ ಬಾಯಿಂದಲೇ ತಿಳಿಯಿತು. ಪರೀಕ್ಷೆ ಮಾಡಿದ ರೀತಿಯಲ್ಲಿ ತನ್ನಿಂದಲೇ ತಪ್ಪಾಗಿದೆ, ಮೂರನೆಯದು ಬೇಡವೇ ಬೇಡ, ಬಡಿದು ಎಬ್ಬಿಸುವ ಆ ಮೊದಲನೆಯದೇ ಸರಿ ಅಂದನಂತೆ. ತಪ್ಪು ಹೇಗಾಯಿತು ಅಂತ ಅವರು ಎಷ್ಟು ಕೆದಕಿದರೂ, ಆಯಿತು ಬಿಡಿ ಸಾರ್ ಅಂದನೇ ಹೊರತು ಈ ಮೂವರ ಹೆಸರು ಎತ್ತಲಿಲ್ಲ. ಸಾಹೇಬರು ಅವನ ಭಾಷಣವನ್ನು ನೆನಪಿಸಿ ನಾಲ್ಕು ಮಾತು ಅಂದರಂತೆ, ಅದನ್ನೂ ನುಂಗಿಕೊಂಡ. ಇದನ್ನು ಕೇಳಿ ದೊಡ್ಡಕ್ಕ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಹೊಸ ಗಂಟೆ ಬಂತು. ಸರದಿಯನ್ನು ಲಂಬುವೇ ಕೂರಿಸಿದ, ಎಲ್ಲರೂ ನೋಡುವ ಹಾಗೆ ದೊಡ್ಡ ಪರದೆಯ ಮೇಲೆ. ಮೊದಲ ವಾರ ತನ್ನದು, ತನ್ನ ಫೋನು ಮೊದಲು, ಅದಕ್ಕೆ ಮುಂಚೆ ಯಾರೂ ಇಲ್ಲ. ಕೆಲಸ ಸೊಗಸಾಗಿ ಮಾಡಿದ, ಮಾತು ಮಾತ್ರ ಅಳೆದು ತೂಗಿ. ದೊಡ್ಡಕ್ಕನನ್ನು ‘ನೀವು’ ಅನ್ನತೊಡಗಿದ. ಚಹಾ ತಂದರೂ ನಾಲ್ವರಿಗೂ ಸಮನಾಗಿ ತಂದಿಟ್ಟು, ಹೇಗಿದ್ದೀಯ ಅಂತ ಕೇಳದೆ ಹೋಗುತ್ತಿದ್ದ. ಅವಳ ಕಪ್ಪಿನಲ್ಲಿ ಆ ಚಹಾ ಹಾಗೇ ಆರಿ ಕೆನೆಗಟ್ಟುತ್ತಿತ್ತು. ಚಿನಕುರುಳಿ ಕೂಡ ಆ ದಿನಗಳಲ್ಲಿ ದನಿ ತಗ್ಗಿಸಿ ಮಾತಾಡಿದಳು ಅಂದರೆ ನೀವೇ ಅಂದಾಜು ಮಾಡಿಕೊಳ್ಳಿ.

ಆ ವಾರ ಮೂವರ ಫೋನೂ ತೆಪ್ಪಗಿತ್ತು. ನಿದ್ದೆ ಬರಬೇಕಾದವರಿಗೆ ನಿದ್ದೆ ಬರಲಿಲ್ಲ. ದೊಡ್ಡಕ್ಕ ಮಗ್ಗುಲು ಬದಲಿಸಿದಾಗಲೆಲ್ಲ ಡ್ರಿಲ್ ಮೇಷ್ಟ್ರು, ಹಿರೀಮಗ ಊರಿಗೆ ಹೋಗಿದ್ದಾನೆ, ಮಲಗೇ ಅಂತ ಗೊಣಗಿದ.

ಒಂದು ಬೆಳಿಗ್ಗೆ ಲಂಬು ತಡವಾಗಿ ಬಂದ. ತಲೆ ಕೆದರಿ ಕಾಗೆಗೂಡು, ಕಣ್ಣು ಕೆಂಡ, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಬಾಗಿಲಲ್ಲಿ ತಲೆ ಬಗ್ಗಿಸುವುದನ್ನೂ ಮರೆತು ಹಣೆ ಬಡಿಸಿಕೊಂಡ. ಯಾರ ಕಡೆಗೂ ನೋಡದೆ ಸೀದಾ ಕಿಟಕಿಯತ್ತ ನಡೆದು, ಕ್ಷೌರದ ಕುರ್ಚಿಯಲ್ಲಿ ಕೂತು, ಹಿಡಿ ಎಳೆದ. ಅವನ ಕಾಲು ಅರ್ಧ ಕೋಣೆ ಆಕ್ರಮಿಸಿತು. ಮೌನಿ ಹೊಸ ಗಂಟೆಯ ಪುಟ ತೆರೆದು ನೋಡಿ, ಪರದೆಯನ್ನು ಉಳಿದಿಬ್ಬರ ಕಡೆ ತಿರುಗಿಸಿದ. ರಕ್ತನಿಧಿಯೊಂದರ ದೊಡ್ಡ ಫ್ರಿಜ್ಜೇ ಕೆಟ್ಟಿತ್ತು. ಅಲ್ಲಿ ಒಬ್ಬಳೇ ಇದ್ದ ನರ್ಸಿಗೆ ಲಂಬು ಫೋನಿನಲ್ಲೇ ಧೈರ್ಯ ಹೇಳಿ, ರಕ್ತದ ಚೀಲಗಳನ್ನೆಲ್ಲ ಅವಳ ಕೈಲಿ ಬೇರೆ ಕಟ್ಟಡಕ್ಕೆ ಸಾಗಿಸಿ, ಬೆಳಕು ಹರಿದ ಮೇಲೆ ಫೋನಿಟ್ಟಿದ್ದ. ಒಂದು ಚೀಲವೂ ಹಾಳಾಗಿರಲಿಲ್ಲ.

ಯಾರೂ ಮಾತಾಡಲಿಲ್ಲ, ನಿಯಮ ನಿಯಮವೇ. ದೊಡ್ಡಕ್ಕ ಚಹಾ ಮಾಡಿ ಬೆಕ್ಕಿನ ಹೆಜ್ಜೆಯಲ್ಲಿ ತಂದಿಟ್ಟಳು. ಅಷ್ಟರಲ್ಲಿ ಅವನು ಬಾಯಿ ಅಗಲ ತೆರೆದು ಗೊರಕೆ ಹೊಡೆಯುತ್ತಿದ್ದ. ಆ ಮುಖದಲ್ಲಿ ಅವನ ಅವಳಿ ಮಕ್ಕಳಿಬ್ಬರೂ ಕಂಡರು. ಅವಳು ಪರದೆ ಎಳೆದು ಬಿಸಿಲು ಮರೆಮಾಡಿದಳು.

ಆಗ ಕುರ್ಚಿಯ ಹರಿದ ಕೈಮೇಲಿದ್ದ ಅವನ ಫೋನು ಬಡಿದುಕೊಂಡಿತು.

ಅವನು ಮಿಸುಕಲಿಲ್ಲ. ಇನ್ನೊಮ್ಮೆ ಬಡಿಯಿತು. ದೊಡ್ಡಕ್ಕನ ಕೈ ತಾನಾಗಿ ಚಾಚಿತು. ಒಂದು ಸಲ ಒತ್ತಿದರೆ ಸಾಕು, ಪಾಪ, ಇನ್ನೊಂದಿಷ್ಟು ಮಲಗುತ್ತಾನೆ, ನರ್ಸಿಗೆ ತಾನೇ ಫೋನು ಮಾಡಿದರಾಯಿತು. ಬೆರಳು ಗುಂಡಿಯ ಹತ್ತಿರಕ್ಕೇ ಹೋಯಿತು. ಚಿನಕುರುಳಿಯೂ ಮೌನಿಯೂ ತಂತಮ್ಮ ಜಾಗದಲ್ಲೇ ಎದ್ದು ನಿಂತು ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಬೆರಳು ಮಡಿಚಿದಳು. ಆ ಕೈಯಿಂದಲೇ ಅವನ ಭುಜ ಹಿಡಿದು ಅಲುಗಾಡಿಸಿದಳು, ಕರುಣೆಯಿಲ್ಲದವಳ ಹಾಗೆ, ಬಲವಾಗಿ.

“ಏಳೋ ಲಂಬು. ನಿಂದೇ.”

ಅವನು ಬೆಚ್ಚಿ ಕಣ್ಣುಬಿಟ್ಟ. ಬಡಿಯುತ್ತಿರುವ ಫೋನನ್ನೂ ಅದರಿಂದ ದೂರ ಸರಿದ ಅವಳ ಕೈಯನ್ನೂ ನೋಡಿದ. ಜೊಲ್ಲು ಒರೆಸಿಕೊಂಡು, ಗುಂಡಿ ಒತ್ತಿ, ತನ್ನ ಮೇಜಿನತ್ತ ತಡವರಿಸುತ್ತಾ ನಡೆದ. ಅರ್ಧ ದಾರಿಯಲ್ಲಿ ನಿಂತು ತಿರುಗಿದ.

“ಅಕ್ಕ, ಈಗ ಬಂದೆ. ಕುರ್ಚೀಲಿ ಕೂತ್ಕೋಬೇಡ,” ಅಂದ. “ನಿಂಗೆ ಸೊಂಟ ನೋವೇನಿಲ್ಲ.”